ಸಮನ್ಸ್ ಬಂದರೆ ಬಾಗಿಲು ಹಾಕಿಕೊಳ್ಳಬೇಡಿ
ಕೌಟುಂಬಿಕ ನ್ಯಾಯಾಲಯದ ಅಮೀನರು ವಿಚ್ಛೇದನದ ಸಮನ್ಸ್ ತಂದಾಗ ‘ಮನೇಲಿಲ್ಲ’ ಅನ್ನಿಸಿ ಸಾಗಹಾಕುವವರಿದ್ದಾರೆ. ಬೇಡ ತಾಯೀ. ನೀವು ಹೋಗದಿದ್ದರೆ ಕೇಸು ನಿಲ್ಲದು. ನಿಮ್ಮ ಮಾತು ಕೇಳದೆಯೇ ಏಕಪಕ್ಷೀಯ ತೀರ್ಪು ಬಂದೀತು. ಮೊದಲು ಹಾಜರಾಗಬೇಕಾದ ದಿನಾಂಕ ನೋಡಿ.

ವಕೀಲರಿಗೆ ದುಡ್ಡಿಲ್ಲವೇ? 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಉಚಿತ ನೆರವುಂಟು. ತಕರಾರು ಸಲ್ಲಿಸುವಾಗಲೇ ಮಧ್ಯಂತರ ಜೀವನಾಂಶವನ್ನೂ ಕೇಳಿ; ಶಾಲೆಯ ಫೀಸಿನ ರಸೀದಿ, ಆಸ್ಪತ್ರೆ ಬಿಲ್ಲು ಆಗ ಬೇಕಾಗುತ್ತವೆ. ಹಿಂದೂ ಕಾನೂನಿನಲ್ಲಿ 5 ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ. ಆದರೆ ಅದೇನೂ ಶಿಲಾಶಾಸನವಲ್ಲ, ನ್ಯಾಯಾಧೀಶರು ನೋಡುವುದು ಮಗುವಿನ ಹಿತ. ಅಪ್ಪನಿಗೆ ಸಿಗದಂತೆ ಮಗುವನ್ನು ಬಚ್ಚಿಟ್ಟರೆ ನಿಮಗೇ ತಿರುಗುಬಾಣ.

ಅರ್ಜಿಯಲ್ಲಿರುವ ಆರೋಪಗಳನ್ನು ಮಗುವಿನೆದುರು ಓದಬೇಡಿ. ಅಳು ಬಂದರೆ ಹಿತ್ತಲಿಗೆ ಹೋಗಿ ಅತ್ತುಬಿಡಿ.