ಎರಿ ಮಣ್ಣಿನ ಅಂಗಳದಲ್ಲಿ ಬಂಗಾರದ ಮೋರಪಂಖಿ

ವಿದ್ಯೆ ಬರುತ್ತದೆಂದು ಶಾಲೆಯ ಪುಸ್ತಕದ ಹಾಳೆ ನಡುವೆ ಇಡುತ್ತಿದ್ದ ಮೋರಪಂಖಿ ಎಲೆ ನೆನಪಿದೆಯಲ್ಲ? ನಿಪ್ಪಾಣಿ, ಚಿಕ್ಕೋಡಿ ಕಡೆ ಹೊಸ ಮನೆಗಳ ಗೇಟಿನ ಎರಡೂ ಬದಿಗೆ ನಿಲ್ಲುವ ಗೋಲ್ಡನ್ ಥೂಜಾ ಅದರದ್ದೇ ಗಿಡ್ಡ ತಳಿ. ಮೂಲ ಚೀನಾದ್ದು. ಬೀಜಿಂಗ್‌ನ ಹಳೆಯ ದೇಗುಲಗಳ ಅಂಗಳದಲ್ಲಿ ಈ ಜಾತಿಯ ಮರಗಳು ನೂರಾರು ವರ್ಷಗಳಿಂದ ನಿಂತಿವೆ. ಅಂಥ ಗಟ್ಟಿ ಗಿಡ ನಮ್ಮಲ್ಲಿ ಎರಡನೇ ಮಳೆಗಾಲಕ್ಕೇ ಒಣಗುವುದೇಕೆ? ಎಲ್ಲರೂ ಬಿಸಿಲನ್ನು ದೂರುತ್ತಾರೆ. ನಾನೂ ದೂರಿದ್ದೆ, ಸತ್ತ ಗಿಡ ಕಿತ್ತು ನೋಡುವ ತನಕ.

ನರ್ಸರಿಯಿಂದ ಬಂದ ಕೆಂಪು ಮಣ್ಣಿನ ಗಡ್ಡೆ ಕಟ್ಟಿದ ಉಂಡಿಯಂತೆ ಹಾಗೆಯೇ ಇತ್ತು. ಒಂದು ಬೇರೂ ಸುತ್ತಲಿನ ಎರಿ ಮಣ್ಣಿಗೆ ದಾಟಿರಲಿಲ್ಲ. ತಳದ ಬೇರುಗಳು ಕಪ್ಪಾಗಿದ್ದವು. ಬೆರಳಲ್ಲಿ ಹಿಸುಕಿದರೆ ಸಿಪ್ಪೆ ಕಳಚಿ ಬರುತ್ತಿತ್ತು. ಎರಿಯಲ್ಲಿ ತೋಡಿದ ಗುಂಡಿ ಮಳೆಗಾಲದಲ್ಲಿ ನೀರು ನಿಲ್ಲುವ ಹೊಂಡ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಬೇರು ಹರಿಯುವ ಜಾಗ. ನನ್ನ ಗಿಡವನ್ನು ಕೊಂದದ್ದು ನಿಂತ ನೀರು.

ಯಾವುದನ್ನು ತರಬೇಕು

ನಮ್ಮ ಸೆಕೆಗೆ ಎರಡೇ ಬಗೆ ಹೊಂದುತ್ತವೆ ಎನ್ನುವುದು ನನ್ನ ಅಭಿಪ್ರಾಯ. ಒಂದು ‘ಔರಿಯಾ ನಾನಾ’ ಎಂಬ ಗೋಲ್ಡನ್ ಥೂಜಾ: ಮೊಟ್ಟೆಯಾಕಾರ, ಹತ್ತು ವರ್ಷಕ್ಕೂ ಆಳೆತ್ತರ ದಾಟುವುದು ಅಪರೂಪ. ಇನ್ನೊಂದು ‘ಎಕ್ಸ್‌ಪಾನ್ಸಾ ವೇರಿಗೇಟಾ’ ಎಂಬ ಚುಕ್ಕಿ ಜುನಿಪರ್: ನೆಲಕ್ಕೆ ಹತ್ತಿರವಾಗಿ ಹರಡುತ್ತದೆ, ಹಸಿರಿನ ನಡುವೆ ಅಲ್ಲಲ್ಲಿ ಕೆನೆ ಬಣ್ಣದ ಚಿಗುರು. ಫೋಟೊ ನೋಡಿ ಸ್ಪ್ರೂಸ್ ತರಿಸಬೇಡಿ, ಅದಕ್ಕೆ ಚಳಿನಾಡೇ ಬೇಕು. ಕೊಳ್ಳುವಾಗ ಕಟಿಂಗ್‌ನಿಂದ ಬೆಳೆಸಿದ್ದೇ ಎಂದು ಕೇಳಿ. ಬೀಜದಿಂದ ಎದ್ದ ಸಸಿ ಗಿಡ್ಡವಾಗಿಯೇ ಉಳಿಯುತ್ತದೆ, ಬಣ್ಣ ಕೊಡುತ್ತದೆ ಎಂಬ ಭರವಸೆ ಇಲ್ಲ.

ಗೋಲ್ಡನ್ ಥೂಜಾಕ್ಕೆ ದಿನಕ್ಕೆ ಐದಾರು ತಾಸು ಬಿಸಿಲು ಬೇಕು, ನೆರಳಲ್ಲಿ ಬಂಗಾರ ಹೋಗಿ ಹಸಿರಾಗುತ್ತದೆ. ಚುಕ್ಕಿ ಜುನಿಪರ್ ಹಾಗಲ್ಲ. ಅದರ ಬಿಳಿ ಭಾಗದಲ್ಲಿ ಪತ್ರಹರಿತ್ತು ಇಲ್ಲದ್ದರಿಂದ ಮಧ್ಯಾಹ್ನದ ಬಿಸಿಲಿಗೆ ಸುಡುತ್ತದೆ. ಮನೆಯ ಮೂಡಣ ಬದಿ ಅದಕ್ಕಿರಲಿ. ಪಡುವಣ ಗೋಡೆಯ ಬುಡ ಎರಡಕ್ಕೂ ಬೇಡ. ಕಾದ ಸಿಮೆಂಟಿನ ಝಳ ರಾತ್ರಿಯೂ ಆರುವುದಿಲ್ಲ.

ನಾಟಿ

ನಿಪ್ಪಾಣಿ, ಚಿಕ್ಕೋಡಿಯಲ್ಲಿ ಮಿರಗದ ಮಳೆ ಹಿಡಿದ ಮೇಲೆ ನೆಡಬಹುದು. ಅಥಣಿ, ಕಾಗವಾಡದಲ್ಲಿ ಜೂನ್ ಮಳೆ ನಂಬುವಂತಿಲ್ಲ, ಸೆಪ್ಟೆಂಬರಿನ ಉತ್ತರಿ ಮಳೆಗೆ ಕಾಯುವುದು ಮೇಲು.

ಎರಿ ನೆಲವಾದರೆ ಗುಂಡಿ ತೋಡುವುದೇ ಬೇಡ. ನೆಲವನ್ನು ಒಂದು ಗೇಣು ಸಡಿಲಿಸಿ, ಅದರ ಮೇಲೆ ಒಂದೂವರೆ ಅಡಿ ಎತ್ತರ, ಮೂರು ಅಡಿ ಅಗಲದ ಮಡಿ ಕಟ್ಟಿ. ಎರಡು ಪಾಲು ಮಸಾರಿ ಮಣ್ಣು, ಒಂದು ಪಾಲು ಸಣ್ಣ ಗರಸು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ ಸಿಕ್ಕರೆ ಒಂದು ವರ್ಷ ಕಳಿತದ್ದನ್ನೇ ಹಾಕಿ, ಹಸಿಯದು ಕಾವು ಏರಿ ಬೇರು ಸುಡುತ್ತದೆ.

ಇನ್ನು ಆ ಕೆಂಪು ಗಡ್ಡೆಯ ಮಾತು. ಚೀಲ ಹರಿದು ಗಡ್ಡೆಯನ್ನು ಬಕೆಟ್ ನೀರಿನಲ್ಲಿ ಅರ್ಧ ತಾಸು ಇಡಿ. ಗುಳ್ಳೆ ನಿಂತ ಮೇಲೆ ಹೊರಗಿನ ಒಂದು ಇಂಚು ಮಣ್ಣನ್ನು ಬೆರಳಿಂದ ಮೆಲ್ಲಗೆ ತೊಳೆದು, ಬೇರಿನ ತುದಿಗಳನ್ನು ಬಿಡಿಸಿ. ಸುರುಳಿ ಸುತ್ತಿದ ಬೇರು ಕತ್ತರಿಸಿ. ಗಡ್ಡೆಯ ಮೇಲ್ಭಾಗ ಮಡಿಗಿಂತ ಅರ್ಧ ಇಂಚು ಮೇಲಿರಲಿ. ಗಿಡದಿಂದ ಗಿಡಕ್ಕೆ ನಾಲ್ಕು ಅಡಿ. ಕಬ್ಬಿನ ರವದಿಯನ್ನು ಎರಡು ಇಂಚು ದಪ್ಪ ಹರವಿ, ಆದರೆ ಕಾಂಡಕ್ಕೆ ತಾಗಿಸಬೇಡಿ, ಗೆದ್ದಲು ಏರುತ್ತದೆ.

ನೀರು

ರಾಯಬಾಗ, ಅಥಣಿ, ಕಾಗವಾಡದ ನೀರಾವರಿ ಪಟ್ಟಿಯವರಿಗೆ ಸವಳಿನ ಕಾಟ ಹೇಳಿಕೊಡಬೇಕಿಲ್ಲ. ಬೋರ್‌ವೆಲ್ ನೀರುಣ್ಣುವ ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟಿದರೆ ಎಲೆಯ ತುದಿ ಕಂದಾಗುವ ದಿನ ದೂರವಿಲ್ಲ. ಮಾಳಿಗೆಯ ಮಳೆನೀರನ್ನು ಬ್ಯಾರಲ್ಲಿನಲ್ಲಿ ಹಿಡಿದು ಇವುಗಳಿಗೆಂದೇ ಇಡಿ. ನೀರು ಶುದ್ಧೀಕರಿಸುವ ಯಂತ್ರ ಹೊರಹಾಕುವ ನೀರಿನಲ್ಲಿ ಉಪ್ಪು ಇನ್ನೂ ಹೆಚ್ಚು, ಅದನ್ನು ಸುರಿಯಲೇಬೇಡಿ. ಸಂದೇಹವಿದ್ದರೆ ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಕಾಲೇಜಿನಲ್ಲೋ ವಿಚಾರಿಸಿ. ದಿನಾ ನೀರು ಬೇಡ; ಎರಡು ಇಂಚು ಆಳಕ್ಕೆ ಬೆರಳಿಟ್ಟು ಒಣಗಿದ್ದರೆ ಮಾತ್ರ, ಮುಂಜಾನೆ.

ಕತ್ತರಿ ಹಿಡಿಯುವ ಮುನ್ನ

ದಾಸವಾಳದಂತೆ ಈ ಗಿಡಗಳನ್ನು ಬೋಳಿಸಬೇಡಿ. ಎಲೆಯಿಲ್ಲದ ಹಳೆಯ ಕಟ್ಟಿಗೆಯಿಂದ ಇವು ಚಿಗುರುವುದು ಕಷ್ಟ, ಒಮ್ಮೆ ಬಿದ್ದ ತೂತು ಹಾಗೇ ಉಳಿಯುತ್ತದೆ. ಹಸಿರಿರುವ ತುದಿಯನ್ನಷ್ಟೇ ಸವರಿ. ಒಳಗಿನ ಹಳೆಯ ಎಲೆ ಕಂದಾಗುವುದು ಸಹಜ, ಕೈಯಿಂದ ಉದುರಿಸಿದರೆ ಸಾಕು.

ಮಾರ್ಚ್–ಏಪ್ರಿಲ್‌ನಲ್ಲಿ ಗಿಡ ಬೂದುಬಣ್ಣಕ್ಕೆ ತಿರುಗಿದರೆ ಬಿಳಿ ಹಾಳೆ ಹಿಡಿದು ಟೊಂಗೆ ತಟ್ಟಿ. ಬಿದ್ದ ಧೂಳಿನ ಕಣಗಳು ಹರಿದಾಡಿದರೆ ಅದು ನುಸಿ. ಎಲೆಯ ಅಡಿಗೂ ತಾಗುವಂತೆ ಪೈಪಿನಿಂದ ರಭಸವಾಗಿ ನೀರು ಹೊಡೆಯಿರಿ, ವಾರಕ್ಕೆರಡು ಸಲ, ಮೂರು ವಾರ.

ಚುಕ್ಕಿ ಜುನಿಪರಿನಲ್ಲಿ ಆಗೊಮ್ಮೆ ಈಗೊಮ್ಮೆ ಪೂರಾ ಹಸಿರು ಟೊಂಗೆಯೊಂದು ಏಳುತ್ತದೆ. ಗಿಡ ಸುಧಾರಿಸಿತೆಂದು ಖುಷಿಪಟ್ಟು ಬಿಟ್ಟರೆ, ಹೆಚ್ಚು ಪತ್ರಹರಿತ್ತಿರುವ ಅದೇ ಬಲಿತು ಉಳಿದದ್ದನ್ನು ನುಂಗುತ್ತದೆ. ಕಂಡ ದಿನವೇ ಹುಟ್ಟಿದ ಕಡೆಯಿಂದ ಕತ್ತರಿಸಿ ತೆಗೆಯಿರಿ.