ಲ್ಯಾಕ್ರಾಸ್ ಆಟವೂ ಹೆಣ್ಣುಮಕ್ಕಳ ಆತ್ಮವಿಶ್ವಾಸವೂ

2023ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಮುಂಬಯಿಯಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನವು 2028ರ ಲಾಸ್ ಏಂಜಲೀಸ್ ಒಲಿಂಪಿಕ್ ಕೂಟಕ್ಕೆ ಐದು ಆಟಗಳನ್ನು ಸೇರಿಸಲು ಒಪ್ಪಿಗೆಯಿತ್ತಿತು. ಕ್ರಿಕೆಟ್ಟಿಗೆ ದೊರೆತ ಮನ್ನಣೆಯ ಸಂಭ್ರಮದಲ್ಲಿ ಉಳಿದ ನಾಲ್ಕರ ಹೆಸರು ಬಹುಮಂದಿಯ ಕಿವಿಗೆ ಬೀಳಲಿಲ್ಲ. ಅವುಗಳಲ್ಲೊಂದು ಲ್ಯಾಕ್ರಾಸ್. ಉದ್ದನೆಯ ಕೋಲಿನ ತುದಿಗೆ ಬಲೆಯ ಚಿಕ್ಕ ಜೋಳಿಗೆ. ಅದರೊಳಗೆ ಸುಮಾರು 145 ಗ್ರಾಂ ತೂಗುವ ರಬ್ಬರ್ ಚೆಂಡು. ಗೋಲು ಕಾಯುವವರ ಹೊರತು ಉಳಿದವರು ಚೆಂಡನ್ನು ಕೈಯಿಂದ ಮುಟ್ಟುವಂತಿಲ್ಲ. ಕೋಲಿನಲ್ಲೇ ಹಿಡಿದು, ಓಡಿ, ಎಸೆದು ಎದುರಾಳಿಯ ಗೋಲಿನೊಳಕ್ಕೆ ಸೇರಿಸಬೇಕು.

ಇದು ಉತ್ತರ ಅಮೆರಿಕದ ಮೂಲನಿವಾಸಿಗಳ ಆಟ. ಹೌಡೆನೊಸೌನಿ ಜನರು ಇದನ್ನು ಸೃಷ್ಟಿಕರ್ತನ ಕೊಡುಗೆಯೆಂದು ನಂಬಿ, ರೋಗಿಯ ಗುಣಕ್ಕಾಗಿಯೂ ಆಡುತ್ತ ಬಂದವರು. ಆದರೆ ಆ ಸಾಂಪ್ರದಾಯಿಕ ಆಟ ಗಂಡಸರಿಗೆ ಮೀಸಲಾಗಿತ್ತು. ಹುಡುಗಿಯರ ಕೈಗೆ ಕೋಲು ಬಂದದ್ದು ಸ್ಕಾಟ್ಲೆಂಡಿನಲ್ಲಿ. ಸೇಂಟ್ ಆಂಡ್ರೂಸ್ ಪಟ್ಟಣದ ಸೇಂಟ್ ಲಿಯೊನಾರ್ಡ್ಸ್ ಬಾಲಿಕಾ ಶಾಲೆಯ ಮೊದಲ ಮುಖ್ಯೋಪಾಧ್ಯಾಯಿನಿ ಲೂಯಿಸಾ ಲಮ್ಸ್‌ಡೆನ್ 1884ರಲ್ಲಿ ಅಮೆರಿಕ ಪ್ರವಾಸದಲ್ಲಿ ಈ ಆಟವನ್ನು ಕಂಡು ಮೆಚ್ಚಿದರು. 1890ರಲ್ಲಿ ಅದೇ ಶಾಲೆಯ ಬಯಲಿನಲ್ಲಿ ಹುಡುಗಿಯರು ಆಡಿದರು. ಬಿರುಸಿನ ಓಟ ಸ್ತ್ರೀದೇಹಕ್ಕೆ ಸಲ್ಲದೆಂದು ವೈದ್ಯರಲ್ಲೇ ಹಲವರು ಹೇಳುತ್ತಿದ್ದ ಕಾಲವದು. ಅಲ್ಲಿಯೇ ಓದಿದ ರೋಸಬೆಲ್ ಸಿಂಕ್ಲೇರ್ 1926ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಬ್ರಿನ್ ಮಾರ್ ಶಾಲೆಯ ಬಾಲೆಯರಿಗೆ ಇದನ್ನು ಕಲಿಸಿದರು. ಸಮುದ್ರ ದಾಟಿ ಹೋದ ಆಟ, ಹೆಣ್ಣುಮಕ್ಕಳ ಆಟವಾಗಿ ಹುಟ್ಟಿದ ನೆಲಕ್ಕೆ ಮರಳಿತು.

ಎಳೆಯ ಹುಡುಗಿಯರಿಗಾಗಿ ಹೊಸದಾಗಿ ಇಂಥ ತರಬೇತಿಯನ್ನು ಆರಂಭಿಸುವವರು ಅದರ ಮುಖ್ಯ ಫಲವಾಗಿ ಹೇಳುವುದು ಪದಕಗಳನ್ನಲ್ಲ, ಆತ್ಮವಿಶ್ವಾಸವನ್ನು. ಈ ಮಾತು ಎಷ್ಟು ಸರಿ? ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಮಂಡಿಸಿದ ವಿಚಾರ ಇಲ್ಲಿ ಉಪಯುಕ್ತ. ‘ಇದು ನನ್ನಿಂದಾದೀತು’ ಎಂಬ ನಂಬಿಕೆಗೆ ಅವರು ನಾಲ್ಕು ಮೂಲಗಳನ್ನು ಗುರುತಿಸಿದರು: ಸ್ವತಃ ಮಾಡಿ ಗೆದ್ದ ಅನುಭವ, ತನ್ನಂತಹವರೇ ಮಾಡಿದ್ದನ್ನು ಕಂಡದ್ದು, ಇತರರ ಪ್ರೋತ್ಸಾಹದ ನುಡಿ, ತನ್ನ ದೇಹಸ್ಥಿತಿಯನ್ನು ತಾನು ಅರ್ಥಮಾಡಿಕೊಳ್ಳುವ ರೀತಿ. ಇವುಗಳಲ್ಲಿ ಮೊದಲನೆಯದೇ ಪ್ರಬಲ. ಆದರೆ ಮನೆಗಳಲ್ಲಿ ಧಾರಾಳವಾಗಿ ದೊರೆಯುವುದು ಮೂರನೆಯದು ಮಾತ್ರ. ‘ನೀನು ಬಹಳ ಜಾಣೆ’ ಎಂದು ದಿನಕ್ಕೆ ಹತ್ತು ಸಲ ಹೇಳಿಸಿಕೊಂಡ ಮಗು ಮೊದಲ ಸೋಲಿಗೇ ಕುಗ್ಗಿಹೋದರೆ ಆಶ್ಚರ್ಯವಿಲ್ಲ.

ಹೊಸ ಆಟದ ಗುಣವಿರುವುದು ಇಲ್ಲಿಯೇ. ಕ್ರಿಕೆಟ್ಟನ್ನು ಗಂಡುಹುಡುಗರು ಐದನೆಯ ವಯಸ್ಸಿಗೇ ಗಲ್ಲಿಯಲ್ಲಿ ಕಲಿತಿರುತ್ತಾರೆ. ಹನ್ನೆರಡರ ಹುಡುಗಿ ಅವರ ನಡುವೆ ಮೊದಲ ಬಾರಿಗೆ ಬ್ಯಾಟು ಹಿಡಿದು ನಿಂತಾಗ ಅವಳು ಕಲಿಯುವುದು ನಾಚಿಕೆಯನ್ನು. ಲ್ಯಾಕ್ರಾಸಿನ ಕೋಲು ಎಲ್ಲರಿಗೂ ಅಪರಿಚಿತವಾದ ಊರಿನಲ್ಲಿ ಎಲ್ಲರ ಚೆಂಡೂ ಬೀಳುತ್ತದೆ. ಯಾರೂ ಯಾರನ್ನೂ ನೋಡಿ ನಗುವಂತಿಲ್ಲ. ಅಷ್ಟೇ ಅಲ್ಲ, ಚೆಂಡು ಬಿದ್ದರೆ ಆಟ ನಿಲ್ಲುವುದಿಲ್ಲ. ಹೊಸಬರ ಪಂದ್ಯದಲ್ಲಿ ಚೆಂಡು ಬಲೆಯಲ್ಲಿರುವುದಕ್ಕಿಂತ ನೆಲದ ಮೇಲೆ ಉರುಳುವುದೇ ಹೆಚ್ಚು. ಆದ್ದರಿಂದ ಒಳ್ಳೆಯ ತರಬೇತುದಾರರು ಗೋಲು ಹೊಡೆಯುವುದಕ್ಕಿಂತ ಮೊದಲು ನೆಲದ ಚೆಂಡನ್ನು ಎತ್ತುವುದನ್ನೇ ಕಲಿಸುತ್ತಾರೆ: ಮೊಣಕಾಲು ಬಾಗಿಸಿ, ಕೋಲನ್ನು ನೆಲಕ್ಕೆ ತಗ್ಗಿಸಿ, ನಿಲ್ಲದೆ ಓಡುತ್ತಲೇ ಬಾಚಿಕೊಳ್ಳುವುದು. ಕೈತಪ್ಪಿದ ಕ್ಯಾಚನ್ನು ವರ್ಷಗಟ್ಟಲೆ ಮರೆಯದ ಕ್ರಿಕೆಟ್ ಪ್ರೇಮಿಗಳಿಗೆ ಇದು ವಿಚಿತ್ರವೆನಿಸೀತು. ಇಲ್ಲಿ ತಪ್ಪು ಆಟದ ಒಂದು ಅಂಗ. ಮರುಕ್ಷಣದಲ್ಲಿ ಏನು ಮಾಡಿದಳೆಂಬುದೇ ಲೆಕ್ಕ. ಒಂದು ಸಂಜೆಗೆ ಐವತ್ತು ಸಲ ಬೀಳಿಸಿ ಐವತ್ತು ಸಲ ಎತ್ತಿಕೊಂಡ ಹುಡುಗಿಗೆ ಸ್ಥೈರ್ಯವೆಂದರೇನೆಂದು ವ್ಯಾಖ್ಯಾನಿಸಿ ಹೇಳಬೇಕಾಗುವುದಿಲ್ಲ.

ಹೊಗಳಿಕೆ ಬೇಡವೆಂದಲ್ಲ. ‘ಭೇಷ್’ ಎನ್ನುವುದಕ್ಕಿಂತ ‘ಈ ಸಲ ಸರಿಯಾಗಿ ಬಾಗಿದೆ, ಅದಕ್ಕೇ ಚೆಂಡು ಸಿಕ್ಕಿತು’ ಎಂಬ ನುಡಿ ಹೆಚ್ಚು ಪ್ರಯೋಜನಕಾರಿ. ಹಾಗೆಯೇ ಪಂದ್ಯದ ಮುನ್ನ ಎದೆ ಡವಡವಿಸಿದರೆ ಅದು ಹೇಡಿತನವಲ್ಲ, ದೇಹ ಸಿದ್ಧವಾಗುತ್ತಿರುವ ಲಕ್ಷಣ ಎಂದು ತಿಳಿಸಿಹೇಳಬೇಕು. ಪರೀಕ್ಷಾ ಕೊಠಡಿಯಲ್ಲೂ ಈ ತಿಳಿವು ಉಪಯೋಗಕ್ಕೆ ಬರುತ್ತದೆ.

ದೇಹದ ವಿಷಯಕ್ಕೆ ಬಂದರೆ ಪರಿಸ್ಥಿತಿ ಗಂಭೀರವಾಗಿದೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 146 ದೇಶಗಳ 11ರಿಂದ 17 ವರ್ಷದ ವಿದ್ಯಾರ್ಥಿಗಳ ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನದಂತೆ, 2016ರಲ್ಲಿ ಹುಡುಗಿಯರಲ್ಲಿ ಶೇಕಡಾ 85ರಷ್ಟು ಮಂದಿ ಅಷ್ಟು ಚಟುವಟಿಕೆ ಮಾಡುತ್ತಿರಲಿಲ್ಲ. ಎಲುಬುಗಳು ಗಟ್ಟಿಗೊಳ್ಳುವ ವಯಸ್ಸೂ ಇದೇ. ಇನ್ನೊಂದು ಸಂಗತಿ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ಭಾರತೀಯ ಹುಡುಗಿಯರ ಪೈಕಿ ಶೇಕಡಾ 59ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತು. ಎರಡು ಸುತ್ತು ಓಡಿ ಏದುಸಿರು ಬಿಡುವ ಮಗಳನ್ನು ಸೋಮಾರಿಯೆಂದು ಬಯ್ಯುವ ಮುನ್ನ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುವುದು ವಿವೇಕ.

ಅಪಾಯಗಳೂ ಇಲ್ಲದಿಲ್ಲ. ಹೆಂಗಸರ ಲ್ಯಾಕ್ರಾಸ್ ನಿಯಮಗಳು ಮೈಗೆ ಮೈ ಢಿಕ್ಕಿ ಹೊಡೆಯುವುದನ್ನು ನಿಷೇಧಿಸುತ್ತವೆಯಾದರೂ ಚೆಂಡು ಗಟ್ಟಿ. ಕಣ್ಣಿಗೆ ಕವಚ, ಹಲ್ಲಿಗೆ ರಕ್ಷಕ ಅವಶ್ಯ. ಓಡುತ್ತ ತಟ್ಟನೆ ತಿರುಗುವ ಆಟಗಳಲ್ಲಿ ಹುಡುಗಿಯರ ಮೊಣಕಾಲಿನ ಅಸ್ಥಿಬಂಧನಕ್ಕೆ ಪೆಟ್ಟಾಗುವುದು ಹುಡುಗರಿಗಿಂತ ಹೆಚ್ಚು. ಜಿಗಿದು ಮೆತ್ತಗೆ ಇಳಿಯುವುದನ್ನು ಕಲಿಸುವ ಹದಿನೈದು ನಿಮಿಷದ ಪೂರ್ವವ್ಯಾಯಾಮ ಈ ಅಪಾಯವನ್ನು ಗಣನೀಯವಾಗಿ ತಗ್ಗಿಸುತ್ತದೆ. ತಲೆಗೆ ಪೆಟ್ಟು ಬಿದ್ದವಳನ್ನು ಅಂದು ಮತ್ತೆ ಆಡಿಸಬಾರದು. ಮುಟ್ಟಿನ ದಿನಗಳಲ್ಲಿ ಆರೋಗ್ಯವಂತ ಹುಡುಗಿ ಇಷ್ಟವಿದ್ದರೆ ಆಡಬಹುದು. ಮೈದಾನದ ಹತ್ತಿರ ಸ್ವಚ್ಛ ಶೌಚಾಲಯವಿಲ್ಲದಿರುವುದೇ ಹಲವೆಡೆ ನಿಜವಾದ ಅಡ್ಡಿ.

ಮಹಾನಗರದ ಬಹುಮಹಡಿ ಮನೆಗಳಲ್ಲಿ ಬೆಳೆಯುವ ಕನ್ನಡಿಗರ ಹೆಣ್ಣುಮಕ್ಕಳಿಗೆ ಮೈದಾನ ದೂರ, ಟ್ಯೂಷನ್ ಹತ್ತಿರ. ಸಂಘಗಳ ವಾರ್ಷಿಕ ಕ್ರೀಡಾಕೂಟದಲ್ಲೂ ಅವರ ಪಾಲಿಗೆ ಬರುವುದು ಅನೇಕ ವೇಳೆ ಲಿಂಬೆ-ಚಮಚದ ಓಟ, ಸಂಗೀತ ಕುರ್ಚಿ. ಅಲ್ಲಿ ಕುರ್ಚಿ ಸಿಗದವಳು ಹೊರಗೆ, ಆಕೆಗೆ ಎರಡನೆಯ ಅವಕಾಶವಿಲ್ಲ! ಲ್ಯಾಕ್ರಾಸಿನ ಕೋಲುಗಳನ್ನು ತರಿಸಲಾಗದಿದ್ದರೆ ಖೋ-ಖೋ ಆಗಬಹುದು, ಥ್ರೋಬಾಲ್ ಆಗಬಹುದು. ವಾರಕ್ಕೆ ಎರಡು ಸಂಜೆ, ಹನ್ನೆರಡು ಹುಡುಗಿಯರು, ಸಾಧ್ಯವಾದರೆ ಒಬ್ಬ ಮಹಿಳಾ ತರಬೇತುದಾರರು, ಇಷ್ಟಿದ್ದರೆ ಆರಂಭಿಸಬಹುದು. ಮೊದಲ ಮೂರು ತಿಂಗಳು ಆಯ್ಕೆ, ಬಹುಮಾನ, ಪಂದ್ಯ ಯಾವುದೂ ಇರದಿರಲಿ. ನಡುವೆ ಬಿಟ್ಟುಹೋದವಳು ಪರೀಕ್ಷೆ ಮುಗಿಸಿ ತಿಂಗಳ ನಂತರ ಮೈದಾನದ ಅಂಚಿನಲ್ಲಿ ಬಂದು ನಿಂತಾಗ, ಇಷ್ಟು ದಿನ ಎಲ್ಲಿದ್ದೆಯೆಂದು ಕೇಳದೆ ಅವಳನ್ನು ಸಾಲಿಗೆ ಸೇರಿಸಿಕೊಳ್ಳಬೇಕು.