ಜೋಳದ ರೊಟ್ಟಿ ಒಡೆಯದಿರಲು ಕಾಳಿನೊಳಗೆ ಇಣುಕಿ

ಗಾಣಗಾಪುರದಲ್ಲಿ ಮಧ್ಯಾಹ್ನ ಮಾಧುಕರಿ ಭಿಕ್ಷೆಗೆ ಹೊರಟ ದತ್ತಭಕ್ತರ ಜೋಳಿಗೆಗೆ ಜೋಳದ ರೊಟ್ಟಿ ಬೀಳುವುದುಂಟು. ಭೀಮಾ ದಂಡೆಯ ಎರೆಹೊಲದಲ್ಲಿ ಹಿಂಗಾರಿಗೆ ಬೆಳೆಯುವ ಬಿಳಿಜೋಳದ್ದು. ಆ ರುಚಿ ಹತ್ತಿ ಮನೆಗೆ ಹೋಗಿ ಬಡಿಯಲು ಕೂತವರ ರೊಟ್ಟಿ ಮಾತ್ರ ಅಂಚಿನಲ್ಲಿ ಸೀಳುತ್ತದೆ.

ಮೊದಲು ಕಾಳು ನೋಡಿ. ನಾಲ್ಕು ಕಾಳು ರಾತ್ರಿ ನೆನೆಹಾಕಿ, ಬೆಳಗ್ಗೆ ಉಗುರಿನಿಂದ ಕೆರೆಯಿರಿ. ತೆಳ್ಳಗೆ ಏಳುವ ಪೊರೆಯಲ್ಲಿ ಜೀವಕೋಶದ ಗೋಡೆಗಳೇ ದಟ್ಟ. ಸೆಲ್ಯುಲೋಸ್ ಎಳೆಗಳು, ಅವುಗಳ ಸುತ್ತ ಅರಾಬಿನೋಕ್ಸೈಲಾನ್, ನಡುನಡುವೆ ಹೊಲಿಗೆ ಹಾಕಿದಂತೆ ಫೆರುಲಿಕ್ ಆಮ್ಲ. ಓಟ್ಸ್ ಗಂಜಿ ಲೋಳೆಯಾಗುವುದು ಅದರ ಗೋಡೆಯ ಬೀಟಾ ಗ್ಲೂಕಾನ್ ನೀರಿಗೆ ಬಿಡುವುದರಿಂದ. ಜೋಳದ ಗೋಡೆಯ ಬಹುಪಾಲು ಕುದಿಸಿದರೂ ಕರಗುವುದಿಲ್ಲ. ಒಳಗಿನ ಬಿಳಿ ಭಾಗದಲ್ಲಿ ಗೋಡೆ ತೆಳು, ಪಿಷ್ಟ ಹೆಚ್ಚು.

ಆದ್ದರಿಂದ ಗೋಡೆ ಒಡೆಯುವ ಕೆಲಸ ಗಿರಣಿಯದು. ನುಣ್ಣಗೆ ಬೀಸಲು ಹೇಳಿ. ತರಿಯಾದರೆ ಪಿಷ್ಟಕ್ಕೆ ನೀರು ಸರಿಯಾಗಿ ತಾಗದು, ಸಿಪ್ಪೆಯ ಚೂರು ಸಿಕ್ಕಲ್ಲೇ ರೊಟ್ಟಿ ಬಿರಿಯುತ್ತದೆ. ವಾರಕ್ಕೆ ಸಾಕಾಗುವಷ್ಟೇ ಬೀಸಿಸಿ; ಮೊಳಕೆಭಾಗದ ಎಣ್ಣೆಯಿಂದ ಹಳೆ ಹಿಟ್ಟು ಕಮಟುತ್ತದೆ.

ಸಾಣಿಗೆ ಹಿಡಿಯುವಾಗ ಕೈ ಬಿಗಿಹಿಡಿಯಿರಿ. ದಪ್ಪ ತೌಡು ಹೋದರೆ ಸಾಕು. ಹಿಟ್ಟು ಬೆಳ್ಳಗಾಗಲೆಂದು ಪೂರಾ ಸೋಸುವುದು ನನಗಂತೂ ಒಪ್ಪಿಗೆಯಿಲ್ಲ, ನಾರು ಇರುವುದೇ ತೌಡಿನಲ್ಲಿ.

ಮುಂದಿನದು ಎಸರು, ಇಲ್ಲೇ ಹೆಚ್ಚಿನವರು ಸೋಲುವುದು. ಗೋಧಿ ಕಣಕವನ್ನು ನೀರಲ್ಲಿ ತೊಳೆದರೆ ರಬ್ಬರಿನಂಥ ಗ್ಲುಟೆನ್ ಕೈಯಲ್ಲಿ ಉಳಿಯುತ್ತದೆ; ಜೋಳದ ಹಿಟ್ಟನ್ನು ತೊಳೆದು ನೋಡಿ, ಏನೂ ಉಳಿಯದು. ಇಲ್ಲಿ ಅಂಟು ಬರಬೇಕಾದದ್ದು ಬೆಂದ ಪಿಷ್ಟದಿಂದ. ಅದು ಬೇಯಲು ಸುಮಾರು 70 ಡಿಗ್ರಿ ಬಿಸಿ ಬೇಕು, ಬೆಚ್ಚನೆ ನೀರು ಸಾಲದು. ಪರಾತದಲ್ಲಿ ಹಿಟ್ಟಿಗೆ ಗುಳಿ ಮಾಡಿ ಕುದಿಯುವ ಎಸರು ಸುರಿದು, ಸೌಟಿನ ಹಿಡಿಯಿಂದ ಕಲಸಿ, ಎರಡು ನಿಮಿಷ ಮುಚ್ಚಿಡಿ. ಕೈಗೆ ತಾಳುವಷ್ಟು ಬಿಸಿಯಿರುವಾಗಲೇ ಉಳಿದ ಒಣಹಿಟ್ಟು ಸೇರಿಸಿ, ತಣ್ಣೀರು ಚಿಮುಕಿಸುತ್ತ ಅಂಗೈ ಬುಡದಿಂದ ಒತ್ತಿ ನಾದಿ. ಉಂಡೆಯ ಅಂಚು ಸೀಳಿದರೆ ಇನ್ನಷ್ಟು ನಾದಬೇಕು.

ಒಂದೊಂದೇ ಉಂಡೆ ಮಾಡಿ ಬಡಿಯಿರಿ, ಕಾದ ಹಂಚಿಗೆ ಹಾಕಿ. ಮೇಲೆ ಒದ್ದೆಬಟ್ಟೆಯಿಂದ ನೀರು ಸವರಿ, ಅದು ಆರುವಷ್ಟರಲ್ಲಿ ತಿರುವಿ.

ಜ್ವರದಿಂದ ಎದ್ದವರಿಗೆ, ಎಳೆಮಕ್ಕಳಿಗೆ ನುಣ್ಣಗೆ ಸೋಸಿದ ಹಿಟ್ಟೇ ಇರಲಿ. ಮಿಕ್ಕವರು ಸಣ್ಣ ತೌಡು ಬಿಡಬೇಡಿ: ಅದರ ಜೀವಕೋಶದ ಗೋಡೆಯನ್ನು ನಮ್ಮ ಜಠರ ಅರಗಿಸದಿದ್ದರೂ ಅದರಲ್ಲಿ ಒಂದು ಪಾಲು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ.